ನಳಿಗೆಯಲ್ಲಿ ಸಿಕ್ಕಿಕೊಂಡ ಗುಂಡು: ಬಳ್ಳಾರಿ ಸೀಮೆಯಿಂದ ಒಂದು ನೋಟ

ಸಿರುಗುಪ್ಪದಿಂದ ಹೊಳೆ ದಾಟಿದರೆ ರಾಯಚೂರು ಸೀಮೆ. 1520ರ ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರ ನಿಂತ ಪೋರ್ಚುಗೀಸ್ ಕೋವಿಗಾರರು ಕೋಟೆಗೋಡೆಯ ಮೇಲಿದ್ದವರನ್ನು ಗುರಿಯಿಟ್ಟು ಉರುಳಿಸಿದ ವರದಿಯನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿಟ್ಟಿದ್ದಾನೆ. ನಮ್ಮ ಚರಿತ್ರೆಕಾರರು ಫಿರಂಗಿಗಳ ಉದ್ದ ಅಳೆದರು, ಗುಂಡು ಎಣಿಸಿದರು. ನಳಿಗೆಯೊಳಗೆ ಬಗ್ಗಿ ನೋಡಿದ್ದು ಕಡಿಮೆ.

ಬಾಯಿಂದ ಮದ್ದು ತುಂಬುವ ಕೋವಿಗೆ ಅದರ ಗುಂಡೇ ಶತ್ರುವಾಗಬಹುದು. ಗುಂಡು ಮದ್ದಿಗೆ ತಾಗಿ ಕೂರದೆ ನಡುವೆಯೇ ನಿಂತರೆ, ಅಥವಾ ಹೊತ್ತದ ಮದ್ದನ್ನು ಮರೆತು ಇನ್ನೊಮ್ಮೆ ತುಂಬಿದರೆ, ನಳಿಗೆ ಉಬ್ಬುತ್ತದೆ, ಇಲ್ಲವೆ ಸೀಳುತ್ತದೆ. ತಿಳಿದವರು ತುಂಬುವ ಕಂಬಿಯ ಮೇಲೆ ಗೆರೆ ಕೊರೆದು, ಖಾಲಿ ನಳಿಗೆಯ ಆಳ ಗುರುತಿಟ್ಟುಕೊಳ್ಳುತ್ತಿದ್ದರು. ಕುಂಬಾರ ಗುಡ್ಡ ತನ್ನ ಕೋಟೆಗಿಂತ ಎತ್ತರವಿದೆ ಎಂದು ತಿಳಿದ ಹೈದರ್ ಅಲಿ ಬಳ್ಳಾರಿಯಲ್ಲಿ ಆ ಕೋಟೆ ಕಟ್ಟಿ ಲೆಕ್ಕ ತಪ್ಪಿದ ಫ್ರೆಂಚ್ ಎಂಜಿನಿಯರನನ್ನು ನೇಣಿಗೇರಿಸಿದನೆಂಬ ಕಥೆ ಇಂದಿಗೂ ಇದೆ. ನಳಿಗೆಯ ಲೆಕ್ಕ ತಪ್ಪಿದವನಿಗೆ ನೇಣಿನ ತನಕ ಕಾಯುವ ಪುರುಸೊತ್ತೂ ಇರುತ್ತಿರಲಿಲ್ಲ.

ಬಾಯಿಂದ ತುಂಬುವ ಈ ಕೋವಿ ಇನ್ನೂ ಕಾನೂನಿನಲ್ಲಿ ಉಳಿದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ಕಾಯಲು ಬಾಯಿತುಂಬು ಕೋವಿಗೆ ಪರವಾನಗಿ ಕೊಡಲು ಹೇಳುತ್ತದೆ. ಲೈಸನ್ಸಿನಲ್ಲಿ ಅದು ಸಿಂಗಲ್ ಬ್ಯಾರೆಲ್ ಮಜಲ್ ಲೋಡಿಂಗ್, ಚಿಕ್ಕದಾಗಿ ಎಸ್‌ಬಿಎಂಎಲ್. ಕುರುಗೋಡಿನ ಗುಡ್ಡದಂಚಿನ ಹೊಲದಲ್ಲಿ ಹಂದಿಯಿಂದ ಬೆಳೆ ಕಾಯುವವನಿಗೆ ಅದು ಬರೀ ಕೋವಿ.

ಕೈಬಂದೂಕಿನಲ್ಲಿ ಸಿಕ್ಕಿಕೊಂಡ ಗುಂಡಿನ ವಿಚಾರ ಇನ್ನೂ ಸೂಕ್ಷ್ಮವಾಗುತ್ತದೆ. ಕಾನ್‌ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಬಳಸುವ ತೋಟಾದ ಒತ್ತಡದ ಮಿತಿ ಚದರ ಅಂಗುಲಕ್ಕೆ ಸುಮಾರು 15,000 ಪೌಂಡ್, 9 ಎಂ.ಎಂ. ತೋಟಾದ್ದು 35,000. ಕಡಿಮೆ ಒತ್ತಡದ್ದೇ ಕ್ಷೇಮ ಎಂದುಕೊಳ್ಳುವುದು ಸಹಜ. ಆದರೆ ಮದ್ದು ಸೋತು ಗುಂಡು ನಳಿಗೆಯಲ್ಲೇ ನಿಂತಾಗ ಆಟೋಮ್ಯಾಟಿಕ್ ಪಿಸ್ತೂಲಿನ ಸ್ಲೈಡು ಸಾಮಾನ್ಯವಾಗಿ ಪೂರ್ತಿ ಹಿಂದೆ ಸರಿಯುವುದಿಲ್ಲ, ಕೈ ತಡೆಯುತ್ತದೆ. ರಿವಾಲ್ವರಿಗೆ ಆ ತಡೆ ಇಲ್ಲ. ಕುದುರೆ ಎಳೆದರೆ ಮುಂದಿನ ತೋಟಾ ಸಲೀಸಾಗಿ ಎದುರಿಗೆ ಬರುತ್ತದೆ, ಎರಡನೇ ಗುಂಡು ಮೊದಲನೆಯದರ ಬೆನ್ನಿಗೆ ಹೊಡೆಯುತ್ತದೆ. ಅಷ್ಟರಲ್ಲಿ ನಳಿಗೆಯ ಸುತ್ತ ಬಳೆಯಂತೆ ಉಬ್ಬು ಎದ್ದಿರುತ್ತದೆ. ಹಾಗಾಗಿ ಯಾವ ಕೈಬಂದೂಕು ಗಟ್ಟಿ ಎಂಬ ಪ್ರಶ್ನೆಗೆ ಉಕ್ಕಿನ ದಪ್ಪವೊಂದೇ ಉತ್ತರವಲ್ಲ. ಯಾವುದು ಮೊದಲೇ ಎಚ್ಚರಿಸುತ್ತದೆ ಎಂಬುದನ್ನೂ ಕೇಳಬೇಕು.

ಅಡ್ಡಿ ಗುಂಡೇ ಆಗಬೇಕಿಲ್ಲ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಜಾರಿ ಬಿದ್ದರೆ ಎರೆಮಣ್ಣು ನಳಿಗೆಯ ಬಾಯಿಗೆ ಮೆತ್ತಿ ಬಿರಡೆಯಂತೆ ಒಣಗುತ್ತದೆ. ಕಡಜಕ್ಕಂತೂ ಮಣ್ಣಿನ ಗೂಡು ಕಟ್ಟಲು ಸಣ್ಣ ತೂತು ಎಂದರೆ ಪ್ರೀತಿ. ಚುನಾವಣೆ ಬಂದಾಗ ಬಳ್ಳಾರಿಯ ಲೈಸನ್ಸುದಾರರೂ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡುತ್ತಾರೆ, ವಾರಗಟ್ಟಲೆ ಅವು ಮೂಲೆಯಲ್ಲಿ ಒರಗಿರುತ್ತವೆ. ಬಿಡಿಸಿಕೊಳ್ಳುವಾಗ ರಸೀದಿಯ ನಂಬರು ತಾಳೆ ನೋಡುತ್ತಾರೆ. ಕಡಜದ ಗೂಡಿಗೆ ಅದರಲ್ಲಿ ಕಾಲಮ್ಮಿಲ್ಲ.