ಸಾಕೆಟ್‌ನಿಂದ ಚಾನೆಲ್‌ಗೆ: ಕಾಯುವ ಕೆಲಸದ ಚರಿತ್ರೆ

ಗಣಕದಲ್ಲಿ ನೀವು ಒಂದು ಜಾಲತಾಣದ ವಿಳಾಸ ಒತ್ತುತ್ತೀರಿ. ಕ್ಷಣಾರ್ಧದಲ್ಲಿ ಪುಟ ಮೂಡುತ್ತದೆ. ಆ ಕ್ಷಣಾರ್ಧದ ಬಹುಪಾಲು ಹೊತ್ತು ಜಾಲದ ಮಟ್ಟಿಗೆ ನಿಮ್ಮ ಗಣಕ ಮಾಡುವ ಕೆಲಸವೇನು ಗೊತ್ತೆ? ಕಾಯುವುದು! ಆಚೆ ತುದಿಯ ಸರ್ವರ್ ಕೂಡ ನಿಮ್ಮಂಥ ಸಾವಿರಾರು ಜನರ ಮುಂದಿನ ಮಾತಿಗಾಗಿ ಕಾಯುತ್ತಿರುತ್ತದೆ. ಈ ಕಾಯುವಿಕೆಗೂ ಬೆಲೆ ಇದೆ. ಆ ಬೆಲೆಯನ್ನು ತಗ್ಗಿಸಲು ನಡೆದ ಪ್ರಯತ್ನಗಳ ಚರಿತ್ರೆಯೇ ಸಾಕೆಟ್ ಮತ್ತು ಚಾನೆಲ್‌ಗಳ ಚರಿತ್ರೆ.

ಸಮ ಮತ್ತು ಬೆಸ

ಸಾಕೆಟ್ ಎಂದೊಡನೆ ಗೋಡೆಯ ಮೇಲಿನ ವಿದ್ಯುತ್ ಸಾಕೆಟ್ ನೆನಪಾಗುತ್ತದೆ. ಹೋಲಿಕೆ ಸರಿಯಾಗಿಯೇ ಇದೆ. ವಿದ್ಯುತ್ತು ಎಲ್ಲಿ ಉತ್ಪಾದನೆಯಾಯಿತು, ತಂತಿ ಯಾವ ದಾರಿಯಲ್ಲಿ ಬಂತು ಎಂಬುದು ಪ್ಲಗ್ ಚುಚ್ಚುವವರಿಗೆ ತಿಳಿದಿರಬೇಕಿಲ್ಲ. ಜಾಲದ ಸಾಕೆಟ್ಟೂ ಹಾಗೆಯೇ ದಾರಿಯ ವಿವರಗಳನ್ನು ಮರೆಮಾಡುತ್ತದೆ.

ಈ ಪದ ಅಮೆರಿಕದಲ್ಲಿ 1969ರಲ್ಲಿ ಆರಂಭವಾದ ಆರ್ಪಾನೆಟ್ ಜಾಲದಷ್ಟೇ ಹಳೆಯದೆನ್ನಬಹುದು. ಸಾಕೆಟ್ ಎಂದರೇನೆಂದು ನಿರೂಪಿಸಲೆಂದೇ 1971ರಲ್ಲಿ ಒಂದು ಟಿಪ್ಪಣಿ ಹೊರಟಿತ್ತು. ಆಗಿನ ಸಾಕೆಟ್ ಏಕಮುಖ ರಸ್ತೆಯಂತೆ. ಪಡೆಯಲು ಒಂದು, ಕಳಿಸಲು ಇನ್ನೊಂದು ಬೇಕಿತ್ತು. ಪಡೆಯುವುದಕ್ಕೆ ಸಮಸಂಖ್ಯೆ, ಕಳಿಸುವುದಕ್ಕೆ ಬೆಸಸಂಖ್ಯೆ. 1983ರ ಜನವರಿ 1ರಂದು ಆರ್ಪಾನೆಟ್ ಟಿಸಿಪಿ/ಐಪಿ ನಿಯಮಾವಳಿಗೆ ಬದಲಾಯಿತು. ಅದರಲ್ಲಿ ಒಂದೇ ಸಂಪರ್ಕ ಎರಡೂ ದಿಕ್ಕಿಗೆ ಸಾಗುತ್ತದೆ. ಟೆಲ್ನೆಟ್‌ನ 23, ಅಂಚೆಯ 25 ಮೊದಲಾದ ಹಳೆಯ ಪೋರ್ಟ್ ಸಂಖ್ಯೆಗಳು ಬೆಸವಾಗಿರುವುದು ಆ ಹಿಂದಿನ ಪದ್ಧತಿಯ ಕುರುಹು.

ಬರ್ಕ್ಲಿಯ ಕೊಡುಗೆ

ಇಂದು ನಾವು ಬಳಸುವ ಸಾಕೆಟ್‌ನ ರೂಪ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನದು. 1983ರ ಆಗಸ್ಟ್‌ನಲ್ಲಿ ಹೊರಬಂದ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯಲ್ಲಿ ಅದು ಜನರ ಕೈಸೇರಿತು. ಯುನಿಕ್ಸ್‌ನಲ್ಲಿ ಕಡತವೊಂದನ್ನು ತೆರೆದರೆ ನಿಮಗೆ ಸಿಗುವುದು ಒಂದು ಪುಟ್ಟ ಪೂರ್ಣಾಂಕ. ಓದುವುದು, ಬರೆಯುವುದು ಎಲ್ಲವೂ ಆ ಅಂಕಿಯ ಮೂಲಕವೇ. ಸಾಕೆಟ್ ತೆರೆದರೂ ಅಂಥದೇ ಅಂಕಿ ಸಿಗುವಂತೆ ಬರ್ಕ್ಲಿಯವರು ಮಾಡಿದರು. ದೂರದ ಗಣಕದೊಡನೆ ಮಾತನಾಡುವುದು ಕಡತ ಓದಿದಷ್ಟು ಸಲೀಸಾಯಿತು.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ಡಿಸ್ಕಿನ ಕಡತ ಬೇಗ ಉತ್ತರ ಕೊಡುತ್ತದೆ. ಜಾಲದ ಆಚೆಯ ಮನುಷ್ಯ ಹತ್ತು ನಿಮಿಷ ಸುಮ್ಮನಿರಬಹುದು. ಓದಲು ಹೊರಟ ಪ್ರೋಗ್ರಾಂ ಅಷ್ಟೂ ಹೊತ್ತು ನಿಂತಲ್ಲೇ ನಿಲ್ಲುತ್ತದೆ. ಇದಕ್ಕೆ ಬ್ಲಾಕ್ ಆಗುವುದು ಎನ್ನುತ್ತಾರೆ. ಪರಿಹಾರವೂ ಅದೇ 4.2 ಬಿಎಸ್‌ಡಿಯಲ್ಲಿ ಇತ್ತು. 'ಸೆಲೆಕ್ಟ್' ಎಂಬ ಕರೆಗೆ ಹಲವು ಸಾಕೆಟ್‌ಗಳ ಅಂಕಿಗಳನ್ನು ಒಟ್ಟಿಗೆ ಕೊಟ್ಟರೆ, ಯಾವುದರಲ್ಲಿ ಮಾಹಿತಿ ಬಂದಿದೆ ಎಂದು ಅದು ತಿಳಿಸುತ್ತಿತ್ತು.

ಒಂದು ಮೇಜಿಗೆ ಒಬ್ಬ ಮಾಣಿ

ಬರ್ಕ್ಲಿ ಯುನಿಕ್ಸ್‌ನ ಪ್ರಮುಖ ರೂವಾರಿ ಬಿಲ್ ಜಾಯ್ 1982ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಸ್ಥಾಪಕರಲ್ಲೊಬ್ಬರಾದರು. ಅದೇ ಕಂಪನಿ 1996ರಲ್ಲಿ ಜಾವಾ ಭಾಷೆಯ ಮೊದಲ ಆವೃತ್ತಿಯನ್ನು ಹೊರತಂದಿತು. ಜಾವಾ ಲೈಬ್ರರಿಯಲ್ಲಿ ಸಾಕೆಟ್ ತೆರೆಯಲು ಒಂದೇ ಸಾಲು ಸಾಕಿತ್ತು. ಆದರೆ 'ಸೆಲೆಕ್ಟ್'ಗೆ ಸಮನಾದುದು ಅದರಲ್ಲಿ ಇರಲಿಲ್ಲ. ಹಾಗಾಗಿ ಸರ್ವರ್ ಬರೆಯುವವರು ಪ್ರತಿ ಸಂಪರ್ಕಕ್ಕೂ ಒಂದೊಂದು ಥ್ರೆಡ್ ಮೀಸಲಿಡಬೇಕಾಯಿತು.

ಹೋಟೆಲೊಂದರಲ್ಲಿ ಪ್ರತಿ ಮೇಜಿಗೂ ಒಬ್ಬ ಮಾಣಿ ನಿಂತು, ಗಿರಾಕಿ ಬಾಯಿಬಿಡುವವರೆಗೂ ಕದಲದಿದ್ದರೆ ಹೇಗೆ? ಹತ್ತು ಮೇಜಿದ್ದಾಗ ನಡೆದೀತು, ಹತ್ತು ಸಾವಿರವಾದರೆ? ಲೆಕ್ಕಕ್ಕೆ ಪ್ರತಿ ಥ್ರೆಡ್‌ಗೆ ಅರ್ಧ ಮೆಗಾಬೈಟ್ ಸ್ಮೃತಿ ಮೀಸಲು ಎಂದಿಟ್ಟುಕೊಳ್ಳಿ. 10,000 ಥ್ರೆಡ್‌ಗಳಿಗೆ ಸುಮಾರು 5 ಗಿಗಾಬೈಟ್ ಬೇಕು. 32 ಬಿಟ್ ವಿಳಾಸ ತಲುಪಬಲ್ಲುದು 4 ಗಿಗಾಬೈಟ್ ಮಾತ್ರ! ಒಂದೇ ಯಂತ್ರದಿಂದ ಹತ್ತು ಸಾವಿರ ಗಿರಾಕಿಗಳನ್ನು ನಿಭಾಯಿಸುವ ಈ ಪ್ರಶ್ನೆಯನ್ನು 1999ರಲ್ಲಿ ಡಾನ್ ಕೆಗೆಲ್ ಎಂಬ ತಂತ್ರಜ್ಞ ಮುಂದಿಟ್ಟರು. ಅದು 'ಸಿ-ಟೆನ್-ಕೆ' ಸಮಸ್ಯೆ ಎಂದೇ ಹೆಸರಾಯಿತು.

ಚಾನೆಲ್ ಬಂತು

2002ರ ಫೆಬ್ರವರಿಯಲ್ಲಿ ಬಂದ ಜಾವಾ 1.4ರಲ್ಲಿ ಉತ್ತರ ಸಿಕ್ಕಿತು. ಅದೇ ಸಾಕೆಟ್‌ಚಾನೆಲ್ ಮತ್ತು ಸೆಲೆಕ್ಟರ್. ಇಲ್ಲಿ 'ಓಪನ್' ಎಂದು ಚಾನೆಲ್ ತೆರೆದ ಮಾತ್ರಕ್ಕೆ ಸಂಪರ್ಕ ಏರ್ಪಡುವುದಿಲ್ಲ. ಸಾಕೆಟ್ ಸಿದ್ಧವಾಗುತ್ತದೆ, ಅಷ್ಟೆ. ಬಳಿಕ ಅದನ್ನು ಬ್ಲಾಕ್ ಆಗದ ಸ್ಥಿತಿಗೆ ತಂದು, ಸೆಲೆಕ್ಟರ್‌ನಲ್ಲಿ ನೋಂದಾಯಿಸಬೇಕು. 'ಕನೆಕ್ಟ್' ಎಂದರೆ ಕೂಡಲೇ ಮರಳುತ್ತದೆ. ಸಂಪರ್ಕ ಪೂರ್ತಿಯಾಗುವ ಹೊತ್ತಿಗೆ ಸೆಲೆಕ್ಟರ್ ಸುದ್ದಿ ಕೊಡುತ್ತದೆ. ಈಗ ಇಡೀ ಹೋಟೆಲಿಗೆ ಒಬ್ಬನೇ ಚುರುಕು ಮಾಣಿ. ಯಾರು ಕೈಯೆತ್ತಿದರೋ ಅಲ್ಲಿಗೆ ಹೋಗುತ್ತಾನೆ.

ಹಳೆಯ 'ಸೆಲೆಕ್ಟ್'ನಲ್ಲಿ ಪ್ರತಿ ಸಲವೂ ಎಲ್ಲ ಸಾಕೆಟ್‌ಗಳನ್ನೂ ಪರೀಕ್ಷಿಸಬೇಕಿತ್ತು. 2002ರಲ್ಲೇ ಲಿನಕ್ಸ್‌ಗೆ ಸೇರಿದ 'ಇಪೋಲ್' ಸಿದ್ಧವಾದವನ್ನಷ್ಟೇ ತಿಳಿಸುತ್ತದೆ. 2006ರ ಜಾವಾ 6ರ ಸೆಲೆಕ್ಟರ್ ಲಿನಕ್ಸ್‌ನಲ್ಲಿ ಇದನ್ನೇ ಬಳಸಿತು.

ಆದರೆ ಹೊಸ ತೊಡಕೊಂದು ಹುಟ್ಟಿತು. ಸಂದೇಶದ ಅರ್ಧ ಭಾಗವಷ್ಟೇ ಬಂದಿದ್ದರೆ ಉಳಿದದ್ದು ಬರುವವರೆಗೆ ಅದನ್ನು ಪ್ರೋಗ್ರಾಂ ತಾನೇ ನೆನಪಿಡಬೇಕು. 'ರೀಡ್' 0 ಎಂದರೆ ಈ ಬಾರಿ ಏನೂ ಸಿಗಲಿಲ್ಲ, -1 ಎಂದರೆ ಆಚೆಯವರು ಕಳಿಸುವುದನ್ನು ಮುಗಿಸಿದ್ದಾರೆ. ಈ ಎರಡನ್ನು ಬೆರೆಸಿಕೊಂಡರೆ ಸರ್ವರ್ ಕೆಟ್ಟಂತೆಯೇ. ಯಂತ್ರದ ಹೊರೆ ಇಳಿಯಿತು, ಬರೆಯುವವರ ಹೊರೆ ಏರಿತು.

ಮರಳಿ ಸರಳತೆಗೆ

ಆ ಹೊರೆಯನ್ನು ಇಳಿಸಲು 2023ರ ಸೆಪ್ಟೆಂಬರ್‌ನ ಜಾವಾ 21 'ವರ್ಚುವಲ್ ಥ್ರೆಡ್'ಗಳನ್ನು ತಂದಿತು. ನೀವು ಹಳೆಯ ಸರಳ ಕ್ರಮದಲ್ಲೇ ಸಂಪರ್ಕಕ್ಕೊಂದು ಥ್ರೆಡ್ ಎಂದು ಬರೆಯಬಹುದು. ಅದು ಕಾಯಲು ನಿಂತಾಗ ಲೈಬ್ರರಿ ಅದನ್ನು ಬದಿಗಿರಿಸಿ ಬೇರೆಯದಕ್ಕೆ ಅವಕಾಶ ಕೊಡುತ್ತದೆ. ಲಿನಕ್ಸ್‌ನಲ್ಲಿ ಇದರ ತಳದಲ್ಲಿ ದುಡಿಯುವುದು ಅದೇ ಬ್ಲಾಕ್ ಆಗದ ಸಾಕೆಟ್, ಅದೇ 'ಇಪೋಲ್'.

ಇದನ್ನು ಪುಸ್ತಕದ ಮಾತೆಂದು ಬಿಡಬೇಡಿ. ಬಂದ ಸಂದೇಶವನ್ನೇ ಮರಳಿಸುವ ಚಿಕ್ಕ ಸರ್ವರ್ ಒಂದನ್ನು ಶಾಲೆಯ ಗಣಕದಲ್ಲೇ ಎರಡು ಬಗೆಯಲ್ಲಿ ಬರೆದು ನೋಡಿ: ಒಂದು ಸಾಮಾನ್ಯ ಥ್ರೆಡ್‌ಗಳಿಂದ, ಇನ್ನೊಂದು ಚಾನೆಲ್‌ನಿಂದ. ಸಂಪರ್ಕಗಳನ್ನು ನೂರು ನೂರಾಗಿ ಏರಿಸುತ್ತ ಥ್ರೆಡ್‌ಗಳ ಸಂಖ್ಯೆಯನ್ನೂ ಬಳಕೆಯಾದ ಸ್ಮೃತಿಯನ್ನೂ ಗುರುತು ಹಾಕಿಕೊಳ್ಳಿ. ಕಾಯುವಿಕೆಗೆ ಎಷ್ಟು ಬೆಲೆ ಎಂಬುದು ನಿಮ್ಮ ಪಟ್ಟಿಯಲ್ಲೇ ಕಾಣುತ್ತದೆ.