ಇನ್ನೊಬ್ಬರ ಮನಸ್ಸನ್ನು ಊಹಿಸಿಕೊಂಡ ಬಿರೂನಿ

ಘಜ್ನಿಯ ಮಹಮೂದ್ ಎಂದೊಡನೆ ನಮಗೆ ಸೋಮನಾಥ ನೆನಪಾಗುತ್ತದೆ. 1017ರಲ್ಲಿ ಆತ ಖ್ವಾರಿಝ್ಮನ್ನು ಗೆದ್ದು ಘಜ್ನಿಗೆ ಕರೆದೊಯ್ದ ವಿದ್ವಾಂಸರಲ್ಲಿ ಅಬೂ ರೈಹಾನ್ ಅಲ್ ಬಿರೂನಿಯೂ ಇದ್ದರೆಂಬುದು ನೆನಪಾಗುವುದಿಲ್ಲ. ಹೆಚ್ಚುಕಡಿಮೆ ಸೆರೆಯಾಳಿನಂತೆ ಬಂದ ಈ ಖಗೋಲಜ್ಞರು ನಲವತ್ತು ದಾಟಿದ ವಯಸ್ಸಿನಲ್ಲಿ ಸಂಸ್ಕೃತದ ಬೆನ್ನುಹತ್ತಿದರು. ಅದು ಸುಲಭವಾಗಿರಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. 1030ರ ಸುಮಾರಿಗೆ ಅವರ ‘ಕಿತಾಬುಲ್ ಹಿಂದ್’ ಸಿದ್ಧವಾಯಿತು.

ಅದರಲ್ಲಿ ವಿಗ್ರಹಾರಾಧನೆಯ ಬಗ್ಗೆ ಒಂದು ಅಧ್ಯಾಯವಿದೆ. ಬಿರೂನಿಯವರಿಗೆ ವಿಗ್ರಹಾರಾಧನೆ ಒಪ್ಪಿತವಲ್ಲ. ಆದರೂ ಅವರು ಖಂಡನೆಯಿಂದ ಮಾತು ತೆಗೆಯುವುದಿಲ್ಲ. ತಮ್ಮದೇ ಸಮುದಾಯದ, ಓದುಬರಹವಿಲ್ಲದ ಒಬ್ಬ ಸಾಮಾನ್ಯನನ್ನು ಕಣ್ಣಮುಂದೆ ತಂದುಕೊಳ್ಳುತ್ತಾರೆ. ಪ್ರವಾದಿಯವರ(ಸ) ಅಥವಾ ಕಅಬಾದ ಚಿತ್ರವೊಂದನ್ನು ಅವನಿಗೆ ತೋರಿಸಿದರೆ ಏನಾದೀತು? ಸಂತೋಷದಿಂದ ಅದಕ್ಕೆ ಮುತ್ತಿಡುತ್ತಾನೆ, ಕೆನ್ನೆಗೊತ್ತಿಕೊಳ್ಳುತ್ತಾನೆ, ಹಜ್ಜ್ ಯಾತ್ರೆಯಲ್ಲೇ ಇದ್ದವನಂತೆ ವರ್ತಿಸುತ್ತಾನೆ. ಮೂರ್ತಿಗಳು ಹುಟ್ಟುವುದು ಇಂಥ ಮನಸ್ಸಿನಿಂದಲೇ ಎನ್ನುತ್ತಾರೆ ಬಿರೂನಿ. ಓದಿದ ಹಿಂದೂಗಳು ಏಕದೇವನನ್ನೇ ನಂಬುತ್ತಾರೆಂದೂ ಬರೆಯುತ್ತಾರೆ. ಸಾವಿರ ವರ್ಷಗಳ ಹಿಂದೆ ಯುದ್ಧದ ಧೂಳಿನ ನಡುವೆ ಒಬ್ಬ ಮುಸ್ಲಿಮ್ ವಿದ್ವಾಂಸರು ಹೀಗೆ ಯೋಚಿಸಿದ್ದರು. ಇಂದು ನಮ್ಮಲ್ಲಿ ಎಷ್ಟು ಮಂದಿಗೆ ಇದು ಸಾಧ್ಯ?

ಅವರು ಹಿಂದೂಗಳನ್ನು ಸುಮ್ಮನೆ ಹೊಗಳಿದವರಲ್ಲ. ಪಂಡಿತರ ಅಹಂಕಾರವನ್ನು ಕಟುವಾಗಿಯೇ ಟೀಕಿಸಿದ್ದಾರೆ. ಆದರೆ ಹಿಂದೂಗಳು ತಮ್ಮಂಥವರನ್ನು ದ್ವೇಷಿಸಲು ಮಹಮೂದನ ದಾಳಿಗಳೂ ಕಾರಣ, ಅವು ಈ ನಾಡಿನ ಸಮೃದ್ಧಿಯನ್ನು ಹಾಳುಗೆಡವಿದವು ಎಂದು ಘಜ್ನಿಯ ಆಶ್ರಯದಲ್ಲಿದ್ದುಕೊಂಡೇ ಬರೆದರು. ಅದಕ್ಕೆ ಬೇಕಾದ ಎದೆಗಾರಿಕೆ ಸಣ್ಣದಲ್ಲ.

ಹೊಸ ಆಲೋಚನೆ ಎಂದರೆ ಒಂಟಿ ಕೋಣೆಯಲ್ಲಿ ಹೊಳೆಯುವಂಥದ್ದೆಂದು ನಾವು ಭಾವಿಸುವುದುಂಟು. ಬಿರೂನಿಯವರ ಹೊಸತನ ಬಂದದ್ದು ಈ ಊಹೆಯ ಅಭ್ಯಾಸದಿಂದ. ಹಿಂದೂಗಳ ಮಾತನ್ನು ಅವರ ಗ್ರಂಥಗಳಿಂದಲೇ ಮುಂದಿಟ್ಟು, ಅದರ ಪಕ್ಕದಲ್ಲಿ ಗ್ರೀಕರ ಮತ್ತು ಸೂಫಿಗಳ ಮಾತನ್ನಿಟ್ಟು ತೂಗಿ ನೋಡುವ ವಿಧಾನವನ್ನು ಅವರು ರೂಪಿಸಿಕೊಂಡರು. ಪತಂಜಲಿಯ ಯೋಗಸೂತ್ರಗಳನ್ನು ಅರಬಿಗೆ ತರುವಾಗ ಆ ಪುಟ್ಟ ಸೂತ್ರಗಳು ಅರಬಿ ಓದುಗನ ತಲೆಗೆ ಹತ್ತುವುದು ಹೇಗೆ? ವ್ಯಾಖ್ಯಾನವನ್ನೂ ಬೆರೆಸಿ, ಇಡೀ ಗ್ರಂಥವನ್ನು ಪ್ರಶ್ನೋತ್ತರವಾಗಿ ಕಟ್ಟಿದರು.

ಎದುರು ದಿಕ್ಕಿನಲ್ಲೂ ಪ್ರಯತ್ನ ನಡೆದಿತ್ತು. ಯೂಕ್ಲಿಡ್ ಮತ್ತು ಟಾಲೆಮಿಯನ್ನು ಸಂಸ್ಕೃತಕ್ಕೆ ತರಲು, ಆಸ್ಟ್ರೋಲೇಬ್ ಎಂಬ ಖಗೋಲ ಯಂತ್ರವನ್ನು ತಯಾರಿಸುವ ಕ್ರಮವನ್ನು ತಿಳಿಸಲು ಅವರು ಕುಳಿತರು. ಪಂಡಿತರು ಅದೆಲ್ಲವನ್ನೂ ಕೂಡಲೇ ಶ್ಲೋಕಗಳಾಗಿ ಮಾರ್ಪಡಿಸಿಬಿಡುತ್ತಿದ್ದರು. ಛಂದಸ್ಸಿಗೆ ಸಿಕ್ಕಿದ ಮೇಲೆ ಅರ್ಥ ಸುಲಭಕ್ಕೆ ಕೈಗೆ ಸಿಗುವುದಿಲ್ಲವೆಂದು ಬಿರೂನಿ ಗೊಣಗಿಕೊಂಡಿದ್ದಾರೆ.