ಖಾಲಿ ಪೆಟ್ರೋಲ್ ಟ್ಯಾಂಕ್‌ಗೆ ವೆಲ್ಡಿಂಗ್ ಮಾಡಿದರೆ ಅಪಾಯವಿಲ್ಲವೇ?

1972ರಲ್ಲಿ ಬಂದ ಬಜಾಜ್ ಚೇತಕ್‌ನಂಥ ಹಳೆಯ ಸ್ಕೂಟರ್‌ಗಳಿಗೆ ಬಿಡಿಭಾಗ ಸಿಗದಿದ್ದರೆ ಕೆಲವರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ನೀವೂ ಅಂಥ ಕೆಲಸಕ್ಕೆ ಕೈಹಾಕಿದ್ದರೆ ಇದನ್ನು ಓದಿ.

ಹೇಳಿಕೆ: ಪೆಟ್ರೋಲ್ ಬಸಿದು ಒಣಗಿಸಿದ ಟ್ಯಾಂಕ್‌ಗೆ ಮನೆಯಲ್ಲೇ ವೆಲ್ಡಿಂಗ್ ಮಾಡಬಹುದು.

ವಾಸ್ತವ: ಇದು ತಪ್ಪು. ಹೊತ್ತಿಕೊಳ್ಳುವುದು ದ್ರವ ಪೆಟ್ರೋಲ್ ಅಲ್ಲ, ಅದರ ಆವಿ. ಗಾಳಿಯಲ್ಲಿ ಈ ಆವಿ ಸುಮಾರು ಶೇ 1.4ರಿಂದ 7.6ರಷ್ಟಿದ್ದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು. ಖಾಲಿ ಟ್ಯಾಂಕ್‌ನಲ್ಲಿ ಉಳಿದ ಆವಿಯ ಜೊತೆ ಗಾಳಿಯೂ ಬೆರೆಯುವುದರಿಂದ ಅಪಾಯ ಹೆಚ್ಚು. ಆವಿ ಗಾಳಿಗಿಂತ ಭಾರ. ಹಾಗಾಗಿ ಮುಚ್ಚಳ ತೆಗೆದಿಟ್ಟರೂ ತಳದಲ್ಲಿ ಉಳಿಯಬಹುದು. ತೊಳೆದ ಮೇಲೂ ತುಕ್ಕಿನಲ್ಲಿ, ಸಂದುಗಳಲ್ಲಿ ಅಂಟಿಕೊಂಡ ಪೆಟ್ರೋಲ್ ವೆಲ್ಡಿಂಗ್‌ನ ಶಾಖಕ್ಕೆ ಮತ್ತೆ ಆವಿಯಾಗುತ್ತದೆ. ವಾಸನೆ ಇಲ್ಲವೆಂದರೆ ಆವಿಯೂ ಇಲ್ಲ ಎನ್ನಲಾಗದು.

ಏನು ಮಾಡಬೇಕು? ಬ್ರಾಕೆಟ್, ಕ್ಲಾಂಪ್‌ನಂಥ ಸಣ್ಣ ಭಾಗಗಳನ್ನು ಸ್ಕೂಟರ್‌ನಿಂದ ದೂರದಲ್ಲಿ ಮಾಡಿಕೊಳ್ಳಿ. ಬಾಡಿಗೆ ವೆಲ್ಡಿಂಗ್ ಬೇಕಿದ್ದರೆ ಸೀಟಿನ ಕೆಳಗಿನ ಟ್ಯಾಂಕನ್ನು ಮೊದಲು ಕಳಚಿ ದೂರವಿಡಿ. ಟ್ಯಾಂಕ್ ತೂತಾಗಿದ್ದರೆ ಟ್ಯಾಂಕ್ ರಿಪೇರಿಯಲ್ಲೇ ಪಳಗಿದವರಿಗೆ ಕೊಡಿ, ಇಲ್ಲವೇ ಬದಲಿಸಿ. ‘ಟ್ಯಾಂಕ್ ಖಾಲಿ, ಭಯವಿಲ್ಲ’ ಎಂಬ ಸಲಹೆ ನಿಮಗೆ ಬಂದರೆ ಫಾರ್ವರ್ಡ್ ಮಾಡಬೇಡಿ ಎಂಬುದು ನಮ್ಮ ವಿನಂತಿ.